ಹೆಸರಿಡುವ ಮುಂಚೆ ಅಜ್ಜನ ಊರು ಕೇಳು

ಪ್ರೀತಿಯ ತಮ್ಮಾ,

ನಿನ್ನ ಕಥೆ ಓದಿದೆ. ಕ್ರೀಟ್ ದ್ವೀಪದ ಮೀನುಗಾರ ಚೆನ್ನಾಗಿ ಬಂದಿದ್ದಾನೆ. ಆದರೆ ಅವನಿಗೆ ಪಾಪದೋಪುಲೋಸ್ ಅಂತ ಯಾಕೆ ಹೆಸರಿಟ್ಟೆ? ಗ್ರೀಕ್ ಅಂದ ಕೂಡಲೇ ಬಾಯಿಗೆ ಬರುವ ಹೆಸರು ಅಂತ ತಾನೇ?

ಪಾದ್ರಿಯ ಮಗ ಅಂತ ಅದರ ಅರ್ಥ. ಅಲ್ಲಿನ ಪಾದ್ರಿಗಳು ದೀಕ್ಷೆಗೆ ಮುಂಚೆ ಮದುವೆಯಾಗಬಹುದು, ಹಾಗಾಗಿ ಆ ಹೆಸರಿನವರು ಬೇಕಾದಷ್ಟು ಜನ. 'ಪುಲೋಸ್' ಅನ್ನೋ ಕೊನೆ ಮಾತ್ರ ಜಾಸ್ತಿ ದಕ್ಷಿಣ ಗ್ರೀಸ್‌ನ ಪೆಲೊಪೊನೀಸ್ ಕಡೆಯದು. ಕ್ರೀಟ್‌ನವರದು ಸಾಮಾನ್ಯವಾಗಿ 'ಆಕಿಸ್'. ಕೆಫಲೋನಿಯಾ ದ್ವೀಪದಲ್ಲಿ 'ಆತೋಸ್'. ಬೆಳಗಾವಿ ಕಡೆ 'ಕರ್' ಸೇರಿದ ಅಡ್ಡಹೆಸರು ಕೇಳಿದ್ರೆ ಮೂಲ ಊರು ಗೊತ್ತಾಗುತ್ತಲ್ವಾ, ಸುಮಾರು ಹಾಗೇ.

ಇನ್ನು ಥೆಸಲೊನೀಕಿಯ ಕಾಫಿ ಅಂಗಡಿಯವನು. ಅವನಿಗೆ ನೀನು ಹೆಸರನ್ನೇ ಕೊಟ್ಟಿಲ್ಲ. ನನಗೆ ಆಸೆ ಹುಟ್ಟಿಸಿದವನು ಅವನೇ! 'ಓಗ್ಲೂ' ಅಂತ ಮುಗಿಯುವ ಹೆಸರು ಕೊಟ್ಟು ನೋಡು. ಅದು ಟರ್ಕಿ ಭಾಷೆಯಿಂದ ಬಂದದ್ದು, ಇಂಥವನ ಮಗ ಅಂತ. 1923ರಲ್ಲಿ ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ಆದ ಒಪ್ಪಂದದಿಂದ ಟರ್ಕಿಯ ಬಹುತೇಕ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸ್‌ಗೂ, ಗ್ರೀಸ್‌ನ ಬಹುತೇಕ ಮುಸ್ಲಿಮರು ಟರ್ಕಿಗೂ ಹೋಗಬೇಕಾಯಿತು. ಹಾಗೆ ಬಂದವರಲ್ಲಿ ಕೆಲವರು ಓಗ್ಲೂ ಬಿಟ್ಟು 'ಇದಿಸ್' ಸೇರಿಸಿಕೊಂಡರು. ಅದೂ ಮಗ ಅಂತಲೇ, ಆದರೆ ಹಳೇ ಗ್ರೀಕ್. ಕಪ್ಪು ಸಮುದ್ರದ ತೀರದಿಂದ ಬಂದವರಲ್ಲಿ ಇದು ತುಂಬ ಕಾಣುತ್ತದೆ. ಅಣ್ಣ ಓಗ್ಲೂ ಆಗಿಯೇ ಉಳಿದ, ತಮ್ಮ ಇದಿಸ್ ಆದ ಅಂತಿಟ್ಟುಕೋ. ಒಂದೇ ಮನೆಯ ಬಾಗಿಲಲ್ಲಿ ಎರಡು ಹೆಸರು. ಆ ಜಗಳ ನಿನ್ನ ಮೀನುಗಾರನ ಬಿರುಗಾಳಿಗಿಂತ ದೊಡ್ಡದು.

ಹಾಗಂತ ಹೆಸರಿನ ಕೊನೆ ನೋಡಿ ಹುಟ್ಟಿದ ಊರು ಹೇಳಲಿಕ್ಕೆ ಹೋಗಬೇಡ. ಸಂಗೀತಗಾರ ಮಿಕಿಸ್ ಥಿಯೊದೊರಾಕಿಸ್ ಹುಟ್ಟಿದ್ದು 1925ರಲ್ಲಿ, ಕಿಯೋಸ್ ದ್ವೀಪದಲ್ಲಿ. ಕ್ರೀಟ್‌ನವರು ಅವರ ತಂದೆ. ಹೆಸರು ಹೇಳೋದು ಅಪ್ಪ, ಅಜ್ಜನ ಊರನ್ನ.

ಹೆಂಗಸರ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಮೆರ್ಕೂರಿಸ್ ಮಗಳು ಮೆರ್ಕೂರಿ, ಪಾಪದೋಪುಲೋಸ್ ಮಗಳು ಪಾಪದೋಪುಲೂ. ನಿನ್ನ ಕಥೆಯ ಜೋಡಿ 1990ರಲ್ಲಿ ಮದುವೆಯಾಗಿದೆ. 1983ರ ಕಾನೂನಿನ ಪ್ರಕಾರ ಮದುವೆಯಾದ ಮೇಲೂ ಹೆಂಡತಿಗೆ ಹುಟ್ಟಿದ ಮನೆ ಹೆಸರೇ. ಗಂಡನ ಹೆಸರು ಹಾಕಿ ಅವಳಿಗೆ ಬ್ಯಾಂಕಿನಿಂದ ಕಾಗದ ಬರಿಸಿದ್ದೀಯಲ್ಲ, ಅದನ್ನ ಸರಿ ಮಾಡು.

ಮತ್ತೆ, ಅವಳು ಗಂಡನನ್ನ 'ನಿಕೋಸ್' ಅಂತ ಕೂಗೋದಿಲ್ಲ. ಕರೆಯುವಾಗ ಕೊನೆಯ 'ಸ್' ಬಿದ್ದುಹೋಗುತ್ತದೆ. 'ನಿಕೋ' ಅಂತ ಬರೆ.

ತಿದ್ದಿದ ಮೇಲೆ ಕಳಿಸು, ಓದ್ತೀನಿ.