ಮೆಡ್-ಪೀಡ್ಸ್‌ಗೆ ಅರ್ಜಿ ಹಾಕುವ ಮಗಳಿಗೆ

ಪ್ರೀತಿಯ ಪುಟ್ಟಿ,

ಅಮೆರಿಕದ ರೆಸಿಡೆನ್ಸಿಗೆಂದು, ಅಂದರೆ ತಜ್ಞ ವೈದ್ಯಳಾಗುವ ತರಬೇತಿಗೆಂದು, ನೀನು ಮಾಡಿಟ್ಟ ಪಟ್ಟಿ ನೋಡಿದೆ. ವಿಶ್ವವಿದ್ಯಾಲಯಗಳ ಹೆಸರಷ್ಟೇ ಇವೆ. ಒಂದೊಂದರ ಮುಂದೆಯೂ ಅದರ ಆಸ್ಪತ್ರೆಗಳನ್ನು ಬರೆದುಕೋ ಮಗಳೇ, ನಾಲ್ಕು ವರ್ಷ ನೀನು ದುಡಿಯುವುದು ಅಲ್ಲಿ.

ನಮ್ಮಲ್ಲಿ ಎಂಬಿಬಿಎಸ್ ಮುಗಿದ ಮೇಲೆ ಎಂಡಿ ಮೆಡಿಸಿನ್ನೋ ಪೀಡಿಯಾಟ್ರಿಕ್ಸೋ, ಒಂದನ್ನು ಬಿಡಲೇಬೇಕು. ಅಲ್ಲಿ 1967ರಿಂದ ಎರಡನ್ನೂ ಜೊತೆಗೇ ಕಲಿಸುತ್ತಿದ್ದಾರೆ, ಅದೇ ಮೆಡ್-ಪೀಡ್ಸ್: 24 ತಿಂಗಳು ದೊಡ್ಡವರ ಕಡೆ, 24 ತಿಂಗಳು ಮಕ್ಕಳ ಕಡೆ, ಆಮೇಲೆ ತಜ್ಞರೆಂದು ಮಾನ್ಯತೆ ಕೊಡುವ ಎರಡೂ ಬೋರ್ಡ್ ಪರೀಕ್ಷೆ. ಸಾಮಾನ್ಯವಾಗಿ ಮೂರ್ನಾಲ್ಕು ತಿಂಗಳಿಗೊಮ್ಮೆ ಕಡೆ ಬದಲಾಗುತ್ತದೆ. ಆಗ ಆಸ್ಪತ್ರೆಯೂ ಬದಲಾಗುತ್ತದೆಯೇ ಎಂದು ಮೊದಲು ನೋಡು.

ರೋಚೆಸ್ಟರ್‌ನಲ್ಲಿ ಗೊಲಿಸಾನೊ ಮಕ್ಕಳ ಆಸ್ಪತ್ರೆ ದೊಡ್ಡವರ ಆಸ್ಪತ್ರೆಯಾದ ಸ್ಟ್ರಾಂಗ್ ಮೆಮೋರಿಯಲ್‌ಗೇ ಸೇರಿಕೊಂಡಿದೆ. ಸಿನ್ಸಿನಾಟಿಯಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆಯೂ ಸಿನ್ಸಿನಾಟಿ ಚಿಲ್ಡ್ರನ್ಸೂ ಬೇರೆ ಬೇರೆ ಸಂಸ್ಥೆಗಳು, ಆದರೆ ನೆರೆಹೊರೆ. ಕೊಲಂಬಸ್‌ನಲ್ಲಿ ಓಹಾಯೊ ಸ್ಟೇಟ್‌ನ ವೆಕ್ಸ್‌ನರ್ ಆಸ್ಪತ್ರೆ ಊರಿನ ಒಂದು ಬದಿಗಿದ್ದರೆ ನೇಷನ್‌ವೈಡ್ ಚಿಲ್ಡ್ರನ್ಸ್ ಇನ್ನೊಂದು ಬದಿಗಿದೆ. ವಾರ್ಡ್ ಕೆಲಸದ ನಡುವೆಯೇ ಅರ್ಧ ದಿನದ ಹೊರರೋಗಿ ಕ್ಲಿನಿಕ್ಕಿಗೆ ಓಡಬೇಕಾದಾಗ ಈ ದೂರ ಮೈಗೆ ತಾಗುತ್ತದೆ. ಆ ಕ್ಲಿನಿಕ್ ಒಂದೇ ಕಡೆ ಅಜ್ಜನನ್ನೂ ಮೊಮ್ಮಗುವನ್ನೂ ನೋಡುವಂಥದ್ದೋ, ಎರಡು ಕಡೆ ಹರಿದು ಹಂಚಿದ್ದೋ ಅಂತಲೂ ಕೇಳು. ಒಂದೇ ಕಡೆ ಇರುವುದನ್ನೇ ನಾನು ಮೇಲಿಡುತ್ತೇನೆ.

ಹ್ಯೂಸ್ಟನ್‌ನ ಬೇಲರ್‌ನಲ್ಲಿ ಟೆಕ್ಸಾಸ್ ಚಿಲ್ಡ್ರನ್ಸ್, ಕೌಂಟಿಯ (ಅಲ್ಲಿನ ಜಿಲ್ಲಾಡಳಿತದ) ಬೆನ್ ಟಾಬ್, ಮಾಜಿ ಸೈನಿಕರ ಆಸ್ಪತ್ರೆಯಾದ ವಿಎ ಮೂರೂ ಇವೆ. ಕೌಂಟಿ ಆಸ್ಪತ್ರೆಗೆ ವಿಮೆ ಇಲ್ಲದ ಬಡವರು ಬರುತ್ತಾರೆ, ತಡವಾಗಿ ಬರುವುದರಿಂದ ಕಾಯಿಲೆ ಮುಂದುವರಿದಿರುತ್ತದೆ. ಕೈ ಪಳಗುವುದು ಅಲ್ಲಿ. ವಿಎ ಕೇಂದ್ರ ಸರ್ಕಾರದ್ದು. ಬೆರಳಚ್ಚು, ಹಿನ್ನೆಲೆ ಪರಿಶೀಲನೆ ಎಲ್ಲ ಮುಗಿಯಲು ವಾರಗಟ್ಟಲೆ ಬೇಕು. ಕಾಗದಪತ್ರ ತಡವಾದರೆ ಮೊದಲ ದಿನ ಲಾಗಿನ್ ಇಲ್ಲದೆ, ಒಂದು ರಕ್ತಪರೀಕ್ಷೆಯನ್ನೂ ಬರೆಯಲಾಗದೆ ನಿಲ್ಲಬೇಕಾಗುತ್ತದೆ. ಪ್ರತಿ ಆಸ್ಪತ್ರೆಗೂ ಬೇರೆ ಬ್ಯಾಡ್ಜ್, ಕೆಲವೆಡೆ ಬೇರೆಯದೇ ಕಂಪ್ಯೂಟರ್ ವ್ಯವಸ್ಥೆ.

ಕಡೆ ಬದಲಾದ ಮೊದಲ ವಾರ ತುಂಬ ಎಚ್ಚರ ಬೇಕು. ದೊಡ್ಡವರಿಗೆ ಪ್ಯಾರಸಿಟಮಾಲ್ 1 ಗ್ರಾಂ ಎಂದು ಬರೆದು ರೂಢಿಯಾದ ಕೈಗೆ ಮಗುವಿನ ತೂಕದ ಕಿಲೋಗೆ 15 ಮಿಗ್ರಾಂ ಎಂಬ ಲೆಕ್ಕ ತಕ್ಷಣ ಒದಗುವುದಿಲ್ಲ. ಅಲ್ಲಿನ ತಾಯಂದಿರು ತೂಕ ಹೇಳುವುದು ಪೌಂಡಿನಲ್ಲಿ. 22 ಪೌಂಡಿನ ಮಗು ಅಂದರೆ 10 ಕಿಲೋ, ಡೋಸ್ 150 ಮಿಗ್ರಾಂ. ಆ 22ನ್ನೇ ಕಿಲೋ ಅಂದುಕೊಂಡರೆ 330 ಆಗಿಬಿಡುತ್ತದೆ. ಬಾಯಿಲೆಕ್ಕ ಬರುತ್ತಿದ್ದರೂ ಬರೆದು ನೋಡು. ವಾರ್ಡ್ ರೌಂಡ್ಸಿಗೆ ಫಾರ್ಮಸಿಸ್ಟ್ ಬರುತ್ತಾರೆಯೇ ಎಂಬ ಪ್ರಶ್ನೆ ಸಂದರ್ಶನದಲ್ಲಿ ಕೇಳಲು ಯೋಗ್ಯವಾದದ್ದು.

ಪ್ರತ್ಯೇಕವಾಗಿ ನಿಂತ ಮಕ್ಕಳ ಆಸ್ಪತ್ರೆಯಲ್ಲಿ ಹುಟ್ಟು ಹೃದ್ರೋಗದ, ಶ್ವಾಸಕೋಶ ಕೆಡಿಸುವ ಸಿಸ್ಟಿಕ್ ಫೈಬ್ರೋಸಿಸ್‌ನ, ರಕ್ತದ ಕಾಯಿಲೆಯಾದ ಸಿಕಲ್ ಸೆಲ್‌ನ ಮಕ್ಕಳು ಬೆಳೆದು ಮೂವತ್ತಾದರೂ ಅಲ್ಲಿಗೇ ಬರುವುದುಂಟು. ಅಂಥವರಿಗೆ ಬಿಪಿಯೋ ಗರ್ಭವೋ ಸೇರಿಕೊಂಡರೆ ಮಕ್ಕಳ ವೈದ್ಯರಿಗೆ ಅದು ಹೊಸತು, ದೊಡ್ಡವರ ವೈದ್ಯರಿಗೆ ಆ ಹೃದಯ ಹೊಸತು. ನಿನ್ನ ಓದಿನ ಬೆಲೆಯೇ ಆ ಸಂದಿಯಲ್ಲಿದೆ. ಇವರನ್ನು ದೊಡ್ಡವರ ಕಡೆ ದಾಟಿಸುವ ಟ್ರಾನ್ಸಿಷನ್ ಕ್ಲಿನಿಕ್ ಇರುವಲ್ಲಿಗೆ ಹೆಚ್ಚು ಅಂಕ ಕೊಡು.

ವೀಸಾ ಲೆಕ್ಕವನ್ನೂ ಈಗಲೇ ಹಾಕು. ತರಬೇತಿಗೆ ಬರುವವರಿಗೆ ಕೊಡುವ ಜೆ-1 ವೀಸಾದಲ್ಲಿ ತರಬೇತಿಗೆ ಸಾಮಾನ್ಯವಾಗಿ ಗರಿಷ್ಠ 7 ವರ್ಷ. ಮೆಡ್-ಪೀಡ್ಸ್‌ಗೆ 4 ಹೋದರೆ ಉಳಿಯುವುದು 3. ಆಮೇಲಿನ ಉಪತಜ್ಞತೆಯ ತರಬೇತಿಯಾದ ಒಂದು ಫೆಲೋಶಿಪ್‌ಗೆ ಸಾಕು, ಎರಡೂ ಕಡೆಯ ಜೋಡಿ ಫೆಲೋಶಿಪ್‌ಗೆ ಸಾಲುವುದು ಕಷ್ಟ.

ಶಿಫಾರಸು ಪತ್ರ ಮೆಡಿಸಿನ್‌ನಿಂದ ಒಂದಾದರೂ, ಪೀಡಿಯಾಟ್ರಿಕ್ಸ್‌ನಿಂದ ಒಂದಾದರೂ ಇರಲಿ. ಅರ್ಜಿ ಸೆಪ್ಟೆಂಬರಿನಲ್ಲಿ ಹೋಗಬೇಕು, ಪತ್ರ ಬರೆಯುವವರಿಗೆ ಬೇಸಿಗೆಯಲ್ಲೇ ಹೇಳಿಡು.

ನಿನ್ನ
ಅಮ್ಮ