ಚರ್ಚೆಗೆ ದೂರದವರನ್ನೂ ಕರೆಯಿರಿ

ಮಾನ್ಯ ಸಂಪಾದಕರೇ,

ಟಿ.ವಿ. ರಾಜಕೀಯ ಚರ್ಚೆಗಳಲ್ಲಿ ಕೂರುವವರು ಬಹುತೇಕ ರಾಜಧಾನಿಯವರೇ ಆಗಿರುತ್ತಾರೆ. ದೂರದ ಪ್ರದೇಶದ ನೀರಿನ ಜಗಳದ ಬಗ್ಗೆಯೂ ಇವರದೇ ಮಾತು. ಅಲ್ಲಿಯವರು ಯಾರಾದರೂ ಬಂದರೆ ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಇರುತ್ತಾರೆ, ಸಮಯ ಇಲ್ಲ ಎಂದು ಮೊದಲು ತಡೆಯುವುದು ಅವರನ್ನೇ!

ಬ್ರಿಟನ್ನಿನಲ್ಲಿ 2015ರ ಚುನಾವಣೆಗೆ ಮುನ್ನ ಐಟಿವಿ ವಾಹಿನಿ ಏಳು ಪಕ್ಷಗಳ ನಾಯಕರ ಚರ್ಚೆ ನಡೆಸಿತ್ತು. ಸ್ಕಾಟ್ಲೆಂಡಿನ ನಿಕೋಲಾ ಸ್ಟರ್ಜನ್, ವೇಲ್ಸಿನ ಲಿಯಾನ್ ವುಡ್ ಪ್ರಧಾನಿಯ ಜೊತೆ ಒಂದೇ ವೇದಿಕೆಯಲ್ಲಿ ನಿಂತು ವಾದಿಸಿದರು. ಉತ್ತರ ಐರ್ಲೆಂಡಿನ ಪಕ್ಷಗಳಿಗೆ ಮಾತ್ರ ಜಾಗ ಸಿಗಲಿಲ್ಲ. ಅದೂ ತಪ್ಪೇ ಅಲ್ವಾ?

ಯಾವ ಪ್ರದೇಶದ ವಿಷಯವೋ ಅಲ್ಲಿಯ ಇಬ್ಬರಾದರೂ ಚರ್ಚೆಯಲ್ಲಿರಲಿ. ಸುಮ್ನೆ ಹೆಸರಿಗೆ ಬೇಡ, ಮಾತಿಗೆ ಸಮಾನ ಸಮಯ ಕೊಡಲಿ. ಬಿಬಿಸಿಯ ‘ಕ್ವೆಶ್ಚನ್ ಟೈಮ್’ ಚರ್ಚಾ ಕಾರ್ಯಕ್ರಮ ಊರೂರಿಗೆ ಹೋಗುವಂತೆ, ವಾಹಿನಿಗಳೂ ಆಗಾಗ ಸ್ಟುಡಿಯೊ ಬಿಟ್ಟು ಹೊರಡಲಿ.

– ಒಬ್ಬ ವೀಕ್ಷಕ