‘ಸೆಟ್’ ಅಂದರೆ ಬರೀ ‘ಇಡು’ ಅಲ್ಲ

ಮಾನ್ಯ ಸಂಪಾದಕರೇ,

ಪರೀಕ್ಷೆ ಹತ್ತಿರ ಬಂತೆಂದರೆ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಇಂಗ್ಲಿಷ್ ಪದಗಳ ಪಟ್ಟಿ ಬರುತ್ತದೆ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ, ಒಂದು ಪದಕ್ಕೆ ಒಂದೇ ಅರ್ಥ. ದಯವಿಟ್ಟು ಈ ಪದ್ಧತಿ ಬಿಡಿ. ದೊಡ್ಡ ಪದಗಳಿಗೆ ಅದು ಹೇಗೋ ನಡೆಯುತ್ತೆ, ದಿನಾ ಬಳಸುವ ಚಿಕ್ಕ ಪದಗಳಿಗೆ ಖಂಡಿತ ನಡೆಯಲ್ಲ.

ನಾನು ದಾವಣಗೆರೆಯಲ್ಲಿ ಸಂಜೆ ಹೊತ್ತು ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ‘ದಿ ಸನ್ ಸೆಟ್ ಬಿಹೈಂಡ್ ದಿ ಹಿಲ್’ ಅನ್ನುವುದಕ್ಕೆ ‘ಸೂರ್ಯ ಬೆಟ್ಟದ ಹಿಂದೆ ಇಟ್ಟನು’ ಅಂತ ಬರೆದಿದ್ದಳು. ‘ಇಟ್ಟನು’ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಪ್ರಶ್ನಾರ್ಥಕ ಚಿಹ್ನೆ. ಏನನ್ನು ಇಟ್ಟ ಅಂತ ಅವಳಿಗೂ ಅನುಮಾನ ಬಂದಿದೆ! ಅವಳದ್ದೇನೂ ತಪ್ಪಿಲ್ಲ. ಅವಳು ಬಾಯಿಪಾಠ ಮಾಡಿದ ಪಟ್ಟಿಯಲ್ಲಿ ಸೆಟ್ ಅಂದರೆ ಇಡು, ಅಷ್ಟೇ ಇತ್ತು.

1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ಇರುವುದು ಇದೇ ಪದಕ್ಕೆ. ಕ್ರಿಯಾಪದವಾಗಿಯೇ 430 ಅರ್ಥ, ವಿವರಣೆಗೆ ಸುಮಾರು 60 ಸಾವಿರ ಪದ. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಂದಿಗೆ ಅದನ್ನೂ ದಾಟಿತು. ಇಷ್ಟನ್ನೆಲ್ಲ ಮಕ್ಕಳು ಕಲಿಯಲಿ ಅಂತ ಯಾರೂ ಹೇಳಲ್ಲ. ಆದರೆ ಒಂದೇ ಒಂದು ಅರ್ಥ ಕೊಟ್ಟು ಕೈಬಿಟ್ಟರೆ ಹೇಗೆ?

ನಿಜ ಹೇಳಬೇಕೆಂದರೆ ಈ ಪದ ನಮ್ಮ ಮಕ್ಕಳಿಗೆ ಕಷ್ಟವೇ ಅಲ್ಲ. ಸೆಟ್ ಹುಟ್ಟಿದ್ದೇ ‘ಸಿಟ್’ ಜೊತೆಗಿನ ನಂಟಿನಿಂದ. ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ನಮ್ಮ ಹಳ್ಳಿಗಳ ಕಡೆ ಕುಂದ್ರಿಸು ಅಂತಾರಲ್ಲ, ಅದೇ. ಅಕ್ಕಸಾಲಿಗರು ಉಂಗುರಕ್ಕೆ ಹರಳು ಕೂರಿಸುತ್ತಾರೆ, ಡಾಕ್ಟರು ಮುರಿದ ಮೂಳೆ ಕೂರಿಸುತ್ತಾರೆ. ಈ ಎರಡೂ ಕಡೆ ಇಂಗ್ಲಿಷಿನವರು ಹೇಳುವುದು ಸೆಟ್ ಅಂತಲೇ. ಏಳು–ಎಬ್ಬಿಸು ಇದ್ದ ಹಾಗೆ ಅಲ್ಲಿ ರೈಸ್ (rise)–ರೇಯ್ಸ್ (raise) ಇದೆ. ಇದನ್ನು ಹೇಳಿಕೊಟ್ಟ ದಿನ ಮಕ್ಕಳು ತಾವಾಗಿಯೇ ಉದಾಹರಣೆ ಹುಡುಕಲು ಶುರು ಮಾಡುತ್ತಾರೆ, ನೋಡಿ ಖುಷಿಯಾಗುತ್ತೆ. ಕೂತದ್ದು ಗಟ್ಟಿಯಾಗುತ್ತೆ, ಹಾಗಾಗಿ ಸಿಮೆಂಟ್ ಸೆಟ್ ಆಗುತ್ತೆ, ಮೊಸರು ಹೆಪ್ಪುಗಟ್ಟುವುದೂ ಸೆಟ್. ಸೂರ್ಯ ಮುಳುಗುವುದೂ ಕೆಳಗಿಳಿದು ಕೂತಂತೆಯೇ ಅಲ್ವಾ?

ಸೆಟ್ ದೋಸೆ, ಪಂಪ್‌ಸೆಟ್, ಐಪಿ ಸೆಟ್ ಇವು ಬೇರೆ ಲೆಕ್ಕ. ಇಲ್ಲಿ ಸೆಟ್ ಅಂದರೆ ಜೊತೆಗಿರುವುದು, ಗುಂಪು. ಈ ಅರ್ಥ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚ್ ಮೂಲಕ ಲ್ಯಾಟಿನ್‌ನಿಂದ, ಆಮೇಲೆ ಎರಡೂ ಬೆರೆತು ಹೋದವು. ಗಣಿತದಲ್ಲಿ ಮಕ್ಕಳು ಓದುವ ‘ಗಣ’ವೂ ಇಂಗ್ಲಿಷಿನಲ್ಲಿ ಸೆಟ್ಟೇ, ಅದನ್ನಾದರೂ ಯಾರಾದರೂ ಇಂಗ್ಲಿಷ್ ಪಾಠದ ಜೊತೆ ಸೇರಿಸಿ ಹೇಳಿದ್ದಾರಾ?

ಇನ್ನು ನಾವೇ ಕೊಟ್ಟ ಅರ್ಥ ಒಂದಿದೆ. ‘ಈ ಕಲರ್ ನಿನಗೆ ಸೆಟ್ ಆಗಲ್ಲ’, ‘ಆ ಕೆಲಸ ಅವನಿಗೆ ಸೆಟ್ ಆಗಲಿಲ್ಲ’ ಅಂತೀವಿ. ಕನ್ನಡದಲ್ಲಿ ಅದು ಸರಿಯಾಗಿಯೇ ಇದೆ, ಯಾರೂ ತಿದ್ದಬೇಕಿಲ್ಲ. ಆದರೆ ಮಕ್ಕಳು ಅದನ್ನೇ ಇಂಗ್ಲಿಷಿಗೆ ಒಯ್ದು ಸೂಟ್ ಅನ್ನಬೇಕಾದ ಕಡೆ ಸೆಟ್ ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಅದನ್ನು ಮೊದಲೇ ಹೇಳಬೇಕಾದವರು ದೊಡ್ಡವರು.

ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಅಷ್ಟು ವರ್ಷ ಓದಿಯೂ ಸುಲಭದ ವಾಕ್ಯ ನೋಡಿ ಮಕ್ಕಳು ಹೆದರುವುದನ್ನು ನೋಡಿದರೆ ಸಂಕಟವಾಗುತ್ತೆ. ಅವರಿಗೆ ಬೇಕಿರುವುದು ಇನ್ನಷ್ಟು ಪದಗಳಲ್ಲ, ಗೊತ್ತಿರುವ ಪದಗಳ ಬಳಕೆ.

ಆದ್ದರಿಂದ ಆ ಪಟ್ಟಿಯ ಜಾಗದಲ್ಲಿ ವಾರಕ್ಕೊಂದು ಚಿಕ್ಕ ಪದ ತೆಗೆದುಕೊಳ್ಳಿ. ಮೊದಲು ಸೆಟ್, ಆಮೇಲೆ ರನ್, ಗೆಟ್, ಟೇಕ್. ಒಂದೊಂದಕ್ಕೂ ಎಂಟು–ಹತ್ತು ವಾಕ್ಯ, ಕೆಳಗೆ ಅದನ್ನೇ ಕನ್ನಡದಲ್ಲಿ ಹೇಗೆ ಹೇಳುತ್ತೇವೆ ಅನ್ನುವುದು ಇರಲಿ. ವಾಕ್ಯಗಳಲ್ಲಿ ಬೋರ್‌ವೆಲ್ಲು, ಅಡಿಕೆ ತೋಟ, ಬಸ್‌ಸ್ಟ್ಯಾಂಡು ಬರಲಿ. ಬರೆಯುವವರು ಸಿಗದಿದ್ದರೆ ತಿಳಿಸಿ, ಮೊದಲ ಕೆಲವು ವಾರದ್ದು ನಾನೇ ಬರೆದು ಕಳಿಸುತ್ತೇನೆ. ಸಂಭಾವನೆ ಬೇಡ.

– ಓದುಗರೊಬ್ಬರು, ದಾವಣಗೆರೆ